ಚರ್ಮರೋಗದ ಒಗಟು ಬಿಡಿಸುವ ಪಟ್ಟೆಮೀನು

ಬೆಂಗಳೂರು: ಅಲಂಕಾರಿಕ ಮೀನು ಮಾರುವ ಯಾವುದೇ ಅಂಗಡಿಗೆ ಹೋದರೂ ಗಾಜಿನ ತೊಟ್ಟಿಯೊಂದರಲ್ಲಿ ಗುಂಪಾಗಿ ಸುಳಿದಾಡುವ, ತಲೆಯಿಂದ ಬಾಲದವರೆಗೆ ಕಡುನೀಲಿ ಪಟ್ಟೆಗಳಿರುವ, ಕಿರುಬೆರಳಿನಷ್ಟೂ ಉದ್ದವಿಲ್ಲದ ಮೀನೊಂದು ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಜೀಬ್ರಾಫಿಶ್ ಎಂದು ಹೆಸರು. ಕಡಿಮೆ ಬೆಲೆಗೆ ಸಿಗುವ ಈ ಪುಟ್ಟ ಮೀನು ಇಂದು ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಮನುಷ್ಯನ ಕಾಯಿಲೆಗಳ ಅಧ್ಯಯನಕ್ಕೆ ಬಳಕೆಯಾಗುತ್ತಿದೆ. ಹೃದಯ, ಮೆದುಳು, ರಕ್ತಕ್ಕೆ ಸಂಬಂಧಿಸಿದ ರೋಗಗಳಷ್ಟೇ ಅಲ್ಲದೆ ಚರ್ಮದ ಕ್ಯಾನ್ಸರ್, ಹುಟ್ಟಿನಿಂದಲೇ ಗುಳ್ಳೆ ಏಳುವ ಕಾಯಿಲೆ, ಚರ್ಮದ ಉರಿಯೂತ, ಕುಷ್ಠ ಮೊದಲಾದವುಗಳ ಮೂಲವನ್ನು ಹುಡುಕುವಲ್ಲಿಯೂ ಇದು ವಿಜ್ಞಾನಿಗಳ ನೆರವಿಗೆ ಬಂದಿದೆ.

ಕೂದಲಿಲ್ಲದ, ಬೆವರದ, ಸದಾ ನೀರಿನಲ್ಲೇ ಇರುವ ಮೀನಿನ ಮೈಗೂ ಬಿಸಿಲಿಗೆ ಕಪ್ಪಾಗುವ ನಮ್ಮ ಚರ್ಮಕ್ಕೂ ಎತ್ತಣಿಂದೆತ್ತ ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧ ಎಲ್ಲಿಯವರೆಗೆ ಇದೆ, ಎಲ್ಲಿ ಕಡಿದುಹೋಗುತ್ತದೆ ಎಂಬುದನ್ನು ತಿಳಿದರೆ ಈ ಸಂಶೋಧನೆಗಳಿಂದ ರೋಗಿಗಳು ಏನನ್ನು ನಿರೀಕ್ಷಿಸಬಹುದು ಎಂಬುದೂ ಸ್ಪಷ್ಟವಾಗುತ್ತದೆ.

ಗಂಗೆಯ ಬಯಲಿನಿಂದ ಪ್ರಯೋಗಾಲಯಕ್ಕೆ

ಈ ಮೀನಿನ ತವರು ನಮ್ಮ ಉಪಖಂಡವೇ. ಗಂಗಾ ಮತ್ತು ಬ್ರಹ್ಮಪುತ್ರಾ ನದಿಗಳ ಬಯಲಿನ ಹಳ್ಳ, ಕಾಲುವೆ, ಭತ್ತದ ಗದ್ದೆಗಳಲ್ಲಿ ಇದು ಸಹಜವಾಗಿ ಬೆಳೆಯುತ್ತದೆ. ಇದನ್ನು ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಹ್ಯಾಮಿಲ್ಟನ್. ಗಂಗಾನದಿಯ ಮೀನುಗಳನ್ನು ಕುರಿತು 1822ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ಮೀನಿನ ವಿವರ ಸಿಗುತ್ತದೆ. ಇವರು ಕನ್ನಡಿಗರಿಗೆ ಅಪರಿಚಿತರಲ್ಲ. ಟಿಪ್ಪು ಸುಲ್ತಾನನ ಪತನದ ಬಳಿಕ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳಲ್ಲಿ ಸಂಚರಿಸಿ ಇಲ್ಲಿನ ಬೇಸಾಯ, ವ್ಯಾಪಾರ, ಜನಜೀವನವನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಇವರೇ. ತಾಯಿಯ ಮನೆತನದ ಆಸ್ತಿ ಕೈಸೇರಿದ ಮೇಲೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಇಟ್ಟುಕೊಂಡರು.

ಅಲಂಕಾರಿಕ ಮೀನಾಗಿ ವಿದೇಶಗಳಿಗೆ ಹೋದ ಈ ಜೀವಿಗೆ ಪ್ರಯೋಗಾಲಯದಲ್ಲಿ ಸ್ಥಾನ ದೊರಕಿಸಿಕೊಟ್ಟವರು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ತಂದೆಯ ಪಾಲಿಲ್ಲದೆ, ಒಂದೇ ತಾಯಿಯಿಂದ ತದ್ರೂಪಿ ಮೀನುಗಳನ್ನು ಪಡೆಯುವ ವಿಧಾನವನ್ನು ಅವರ ತಂಡ 1981ರಲ್ಲಿ ಪ್ರಕಟಿಸಿತು. ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬಾಸ್ಟನ್ ನಗರಗಳ ತಂಡಗಳು ಸಾವಿರಾರು ವಂಶವಾಹಿ ಮಾರ್ಪಾಡುಗಳನ್ನು ಕೃತಕವಾಗಿ ಉಂಟುಮಾಡಿ, ಅವುಗಳ ಪರಿಣಾಮವನ್ನು ಒಂದೊಂದಾಗಿ ಗುರುತಿಸಿ 1996ರಲ್ಲಿ ಫಲಿತಾಂಶ ಹೊರತಂದವು. ಟ್ಯೂಬಿಂಗೆನ್ ತಂಡದ ನೇತೃತ್ವ ವಹಿಸಿದ್ದವರು ನೊಬೆಲ್ ಪುರಸ್ಕೃತ ವಿಜ್ಞಾನಿ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್ಹಾರ್ಡ್.

ಮೀನೇ ಏಕೆ?

ಇಲಿಗಳಿರುವಾಗ ಮೀನೇಕೆ ಎಂದು ಕೇಳಬಹುದು. ಮೊದಲ ಕಾರಣ ಪಾರದರ್ಶಕತೆ. ಇಲಿಯ ಮರಿ ತಾಯಿಯ ಗರ್ಭದಲ್ಲಿ ಬೆಳೆಯುತ್ತದೆ. ಅದನ್ನು ನೋಡಬೇಕಾದರೆ ತಾಯಿಯನ್ನು ಕೊಲ್ಲಬೇಕು. ಪಟ್ಟೆಮೀನಿನ ಮೊಟ್ಟೆ ತಾಯಿಯ ದೇಹದ ಹೊರಗೆ, ನೀರಿನಲ್ಲೇ ಫಲಿತವಾಗುತ್ತದೆ. ಭ್ರೂಣವು ಗಾಜಿನಂತೆ ಪಾರದರ್ಶಕ. ಒಂದು ದಿನದೊಳಗೆ ಹೃದಯ ಬಡಿಯತೊಡಗುತ್ತದೆ, ಎರಡು ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ. ಜೀವಂತ ಪ್ರಾಣಿಯ ಚರ್ಮದಲ್ಲಿ ಒಂದು ಜೀವಕೋಶ ಎಲ್ಲಿಂದ ಎಲ್ಲಿಗೆ ಸಾಗಿತು ಎಂಬುದನ್ನು ಸೂಕ್ಷ್ಮದರ್ಶಕದಡಿ ಗಂಟೆಗಟ್ಟಲೆ ಚಿತ್ರೀಕರಿಸಬಹುದು.

ಎರಡನೆಯದು ಸಂಖ್ಯೆ. ಒಂದು ಜೋಡಿ ಮೀನು ವಾರಕ್ಕೆ ಇನ್ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲುದು. ಮರಿಗಳು ಸುಮಾರು ಮೂರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಮರಿಗಳು ತೀರಾ ಚಿಕ್ಕವಾದ್ದರಿಂದ ಒಂದೊಂದು ಗುಳಿಗೆ ಕೆಲವು ಮರಿಗಳಂತೆ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು, ನೀರಿಗೆ ಬೇರೆ ಬೇರೆ ರಾಸಾಯನಿಕ ಬೆರೆಸಿ ಸಾವಿರಾರು ಔಷಧ ಸಂಯುಕ್ತಗಳನ್ನು ಒರೆಗೆ ಹಚ್ಚಬಹುದು. ಇಲಿಗಳಲ್ಲಿ ಇದು ಊಹೆಗೂ ನಿಲುಕದ ಖರ್ಚಿನ ಬಾಬತ್ತು.

ಮೂರನೆಯದು ವಂಶವಾಹಿಗಳ ಹೋಲಿಕೆ. ಪಟ್ಟೆಮೀನಿನ ಸಂಪೂರ್ಣ ವಂಶವಾಹಿ ನಕ್ಷೆ 2013ರಲ್ಲಿ ಪ್ರಕಟವಾದಾಗ, ಮನುಷ್ಯನ ವಂಶವಾಹಿಗಳ ಪೈಕಿ ಸುಮಾರು ಶೇ 70ರಷ್ಟಕ್ಕೆ ಮೀನಿನಲ್ಲಿ ಕನಿಷ್ಠ ಒಂದಾದರೂ ಸಮಾನ ವಂಶವಾಹಿ ಇರುವುದು ಖಚಿತವಾಯಿತು. ರೋಗಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲಿ ಈ ಪ್ರಮಾಣ ಶೇ 80ನ್ನು ಮೀರುತ್ತದೆ. ವಂಶವಾಹಿಯನ್ನು ಬೇಕಾದೆಡೆ ಕತ್ತರಿಸುವ ಕ್ರಿಸ್ಪರ್ ತಂತ್ರವೂ 2013ರಲ್ಲೇ ಈ ಮೀನಿಗೆ ಒಗ್ಗಿತು.

ಚರ್ಮದ ವಿಚಾರಕ್ಕೆ ಬಂದರೆ, ಕೆಲವು ದಿನಗಳ ಮರಿಯ ಹೊರಚರ್ಮದಲ್ಲಿ ಎರಡೇ ಪದರ. ಪ್ರಾಯದ ಮೀನಿನಲ್ಲಿ ಹಲವು ಪದರಗಳಿದ್ದು, ಅದರಡಿ ಒಳಚರ್ಮವಿರುತ್ತದೆ. ಎರಡರ ನಡುವೆ ತೆಳುವಾದ ಆಧಾರಪೊರೆ. ಜೀವಕೋಶಗಳನ್ನು ಒಂದಕ್ಕೊಂದು ಬೆಸೆಯುವ, ಹೊರಚರ್ಮವನ್ನು ಆಧಾರಪೊರೆಗೆ ಬಿಗಿಯುವ ಕಟ್ಟುಗಳು ಮೀನಿಗೂ ಮನುಷ್ಯನಿಗೂ ಬಹುಮಟ್ಟಿಗೆ ಒಂದೇ ಬಗೆಯವು. ಕಾಯಿಲೆಗಳು ಹೆಚ್ಚಾಗಿ ಕಾಡುವುದು ಇಂತಹ ಕಟ್ಟುಗಳಲ್ಲೇ ಎಂಬುದು ಇಲ್ಲಿ ಮುಖ್ಯ.

ಬಣ್ಣದ ಗುಟ್ಟು ಹೇಳಿದ 'ಗೋಲ್ಡನ್'

ಮೀನಿನ ಚರ್ಮದಿಂದ ಮನುಷ್ಯನ ಚರ್ಮಕ್ಕೆ ಸೇತುವೆ ಕಟ್ಟಿದ ಅತ್ಯಂತ ಪ್ರಸಿದ್ಧ ಸಂಶೋಧನೆ ನಡೆದುದು ಪೆನ್ಸಿಲ್ವೇನಿಯಾದಲ್ಲಿ. ಸಾಮಾನ್ಯ ಮೀನಿಗಿಂತ ತಿಳಿಯಾದ ಪಟ್ಟೆಗಳಿರುವ 'ಗೋಲ್ಡನ್' ಎಂಬ ತಳಿಯೊಂದು ಸ್ಟ್ರೈಸಿಂಗರ್ ಕಾಲದಿಂದಲೂ ಬಳಕೆಯಲ್ಲಿತ್ತು. ಇದರ ಬಣ್ಣ ಮಾಸಲು ಕಾರಣವೇನೆಂದು ಪೆನ್ ಸ್ಟೇಟ್ ವೈದ್ಯಕೀಯ ಕಾಲೇಜಿನ ಕೀತ್ ಚೆಂಗ್ ಮತ್ತವರ ತಂಡ ಹುಡುಕಿತು. ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿ ಕೆಟ್ಟಿದ್ದರಿಂದ ಮೆಲನಿನ್ ತುಂಬಿದ ಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ಕಿರಿದಾಗಿದ್ದವು. ಇದೇ ವಂಶವಾಹಿಯ ಮನುಷ್ಯ ರೂಪವನ್ನು ಗೋಲ್ಡನ್ ಭ್ರೂಣಕ್ಕೆ ಸೇರಿಸಿದಾಗ ಕಪ್ಪು ಬಣ್ಣ ಮರಳಿತು. ಕೋಟ್ಯಂತರ ವರ್ಷಗಳ ಹಿಂದೆ ಕವಲೊಡೆದ ಎರಡು ಜೀವಿಗಳಲ್ಲಿ ಒಂದೇ ವಂಶವಾಹಿ ಒಂದೇ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ.

2005ರಲ್ಲಿ ಪ್ರಕಟವಾದ ಈ ಸಂಶೋಧನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಈ ವಂಶವಾಹಿಯಲ್ಲಿನ ಒಂದೇ ಒಂದು ಅಕ್ಷರದ ವ್ಯತ್ಯಾಸ ಯುರೋಪಿನವರಲ್ಲಿ ಬಹುತೇಕ ಎಲ್ಲರಲ್ಲೂ ಇದೆ. ಯುರೋಪ್ ಮತ್ತು ಪಶ್ಚಿಮ ಆಫ್ರಿಕಾ ಮೂಲದವರ ನಡುವಣ ಮೈಬಣ್ಣದ ಅಂತರದಲ್ಲಿ ಶೇ 25ರಿಂದ 38ರಷ್ಟು ಪಾಲು ಇದರದು ಎಂದು ಅಂದಾಜಿಸಲಾಯಿತು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಪಾಲ್ಗೊಂಡಿದ್ದ, 2013ರಲ್ಲಿ ಪ್ರಕಟವಾದ ಅಧ್ಯಯನವು ಇದೇ ಮಾರ್ಪಾಡು ಭಾರತದಲ್ಲಿಯೂ ವ್ಯಾಪಕವಾಗಿರುವುದನ್ನೂ, ಸಮುದಾಯದಿಂದ ಸಮುದಾಯಕ್ಕೆ ಅದರ ಪ್ರಮಾಣ ಬದಲಾಗುವುದನ್ನೂ ತೋರಿಸಿತು. ಈ ವಂಶವಾಹಿ ಪೂರ್ತಿ ಕೆಟ್ಟರೆ ಮನುಷ್ಯರಲ್ಲಿ ಒಂದು ಬಗೆಯ ಬಿಳಿಚುತನ, ಅಂದರೆ ಆಲ್ಬಿನಿಸಂ ಉಂಟಾಗುತ್ತದೆ ಎಂಬುದೂ ಅದೇ ವರ್ಷ ತಿಳಿದುಬಂತು.

ಮೈಬಣ್ಣವನ್ನು ಅಂತಸ್ತು, ಮದುವೆ ಮಾತುಕತೆಗಳೊಂದಿಗೆ ತಳಕು ಹಾಕುವ ನಮ್ಮ ಸಮಾಜಕ್ಕೆ ಇದರಲ್ಲೊಂದು ಪಾಠವಿದೆ. ಕಪ್ಪು ಬಿಳುಪುಗಳ ನಡುವಣ ಅಂತರದ ದೊಡ್ಡ ಪಾಲು ಮೀನಿನಲ್ಲೂ ಇರುವ ವಂಶವಾಹಿಯೊಂದರ ಒಂದಕ್ಷರದ ವ್ಯತ್ಯಾಸ ಮಾತ್ರ.

ಮಚ್ಚೆ ಕ್ಯಾನ್ಸರ್ ಆಗುವ ಬಗೆ

ಬಣ್ಣ ತಯಾರಿಸುವ ಜೀವಕೋಶಗಳು ಹಿಡಿತ ತಪ್ಪಿ ಬೆಳೆದರೆ ಉಂಟಾಗುವುದು ಮೆಲನೋಮಾ. ಚರ್ಮದ ಕ್ಯಾನ್ಸರುಗಳಲ್ಲಿ ಅತಿ ಅಪಾಯಕಾರಿಯಾದುದು ಇದು. ಮೆಲನೋಮಾ ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಬಿಆರ್‌ಎಎಫ್ ಎಂಬ ವಂಶವಾಹಿ ಕೆಟ್ಟಿರುತ್ತದೆ ಎಂಬುದು 2002ರಿಂದ ತಿಳಿದಿತ್ತು. ವಿಚಿತ್ರವೆಂದರೆ, ಅಪಾಯವಿಲ್ಲದ ಸಾಮಾನ್ಯ ಮಚ್ಚೆಗಳಲ್ಲಿಯೂ ಅದೇ ದೋಷ ಕಾಣುತ್ತಿತ್ತು. ಹಾಗಾದರೆ ಮಚ್ಚೆ ಯಾವಾಗ ಕ್ಯಾನ್ಸರ್ ಆಗುತ್ತದೆ?

ಬಾಸ್ಟನ್‌ನ ಲಿಯೊನಾರ್ಡ್ ಜಾನ್ ಅವರ ಪ್ರಯೋಗಾಲಯದಲ್ಲಿ ಎಲಿಜಬೆತ್ ಪ್ಯಾಟನ್ ಮತ್ತಿತರರು 2005ರಲ್ಲಿ ಕೆಟ್ಟ ಬಿಆರ್‌ಎಎಫ್ ವಂಶವಾಹಿಯನ್ನು ಮೀನಿನ ಬಣ್ಣದ ಕೋಶಗಳಿಗೆ ಸೇರಿಸಿದರು. ಮೀನಿನ ಮೈಮೇಲೆ ಮಚ್ಚೆಗಳು ಎದ್ದವು, ಕ್ಯಾನ್ಸರ್ ಬರಲಿಲ್ಲ. ಕ್ಯಾನ್ಸರ್ ತಡೆಯುವ ಪಿ53 ವಂಶವಾಹಿಯೂ ಕೆಟ್ಟಿದ್ದ ಮೀನುಗಳಲ್ಲಿ ಮಾತ್ರ ಮೆಲನೋಮಾ ಕಾಣಿಸಿಕೊಂಡಿತು. ಒಂದು ದೋಷ ಮಚ್ಚೆಯನ್ನಷ್ಟೇ ತರುತ್ತದೆ, ಕ್ಯಾನ್ಸರಿಗೆ ಎರಡನೆಯ ಪೆಟ್ಟೂ ಬೇಕು ಎಂಬುದನ್ನು ಈ ಪ್ರಯೋಗ ಕಣ್ಣಿಗೆ ಕಟ್ಟುವಂತೆ ತೋರಿಸಿತು.

ಎರಡು ಪೆಟ್ಟು ಬಿದ್ದರೂ ಸಾವಿರಾರು ಕೋಶಗಳಲ್ಲಿ ಒಂದೋ ಎರಡೋ ಮಾತ್ರ ಗಡ್ಡೆಯಾಗುವುದೇಕೆ? ಇದೇ ಪ್ರಯೋಗಾಲಯ 2016ರಲ್ಲಿ ಇದಕ್ಕೆ ಉತ್ತರದ ಒಂದು ಭಾಗ ನೀಡಿತು. ಬಣ್ಣದ ಕೋಶಗಳು ಹುಟ್ಟುವುದು ಭ್ರೂಣದ ಬೆನ್ನಿನ ಅಂಚಿನಿಂದ ಹೊರಟು ದೇಹದ ಮೂಲೆಮೂಲೆಗೆ ವಲಸೆ ಹೋಗುವ ಕೋಶಗಳಿಂದ. ವಿಜ್ಞಾನಿಗಳು ಇವುಗಳನ್ನು ನ್ಯೂರಲ್ ಕ್ರೆಸ್ಟ್ ಎನ್ನುತ್ತಾರೆ. ಕೋಶವೊಂದು ಆ ಎಳೆತನದ ಸ್ಥಿತಿಗೆ ಮರಳಿದರೆ ಹಸಿರಾಗಿ ಮಿನುಗುವಂತೆ ಮೀನುಗಳನ್ನು ರೂಪಿಸಲಾಗಿತ್ತು. ಒಂದೇ ಒಂದು ಕೋಶ ಹಸಿರಾಗಿ ಮಿನುಗಿ, ಅದೇ ಮುಂದೆ ಗಡ್ಡೆಯಾಗಿ ಬೆಳೆದುದನ್ನು ಸಂಶೋಧಕರು ಜೀವಂತ ಮೀನಿನಲ್ಲೇ ಕಂಡರು. ಕ್ಯಾನ್ಸರ್ ಹುಟ್ಟುವ ಕ್ಷಣವನ್ನು ಇಷ್ಟು ಹತ್ತಿರದಿಂದ ಮನುಷ್ಯರಲ್ಲಿ ನೋಡುವುದು ಸಾಧ್ಯವೇ ಇಲ್ಲ.

ಅಂಗಾಲಿನ ಗಡ್ಡೆಗೆ ಈಜುರೆಕ್ಕೆಯ ಸಾಕ್ಷಿ

ಬಿಳಿಯರಲ್ಲಿ ಮೆಲನೋಮಾ ಹೆಚ್ಚಾಗಿ ಬಿಸಿಲಿಗೆ ಒಡ್ಡಿಕೊಂಡ ಚರ್ಮದಲ್ಲಿ ಬರುತ್ತದೆ. ಭಾರತೀಯರೂ ಸೇರಿದಂತೆ ಕಪ್ಪು ಮೈಬಣ್ಣದವರಲ್ಲಿ ಒಟ್ಟಾರೆ ಈ ರೋಗ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನ ಬುಡದಂತಹ ಬಿಸಿಲು ಬೀಳದ ಜಾಗಗಳಲ್ಲಿ ಕಾಣಿಸಿಕೊಳ್ಳುವ ಪ್ರಮಾಣ ಹೆಚ್ಚು. ಇದು ಬಿಸಿಲಿನಿಂದ ಬಂದುದಲ್ಲದಿದ್ದರೆ ಅದೇ ಜಾಗದಲ್ಲೇಕೆ ಬರುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ರಿಚರ್ಡ್ ವೈಟ್ ಅವರ ತಂಡ ಈ ಒಗಟಿಗೆ ಮೀನಿನಲ್ಲಿ ಉತ್ತರ ಹುಡುಕಿತು. ರೋಗಿಗಳ ಗಡ್ಡೆಗಳಲ್ಲಿ ಅತಿಯಾಗಿ ಕಂಡುಬರುವ ಸಿಆರ್‌ಕೆಎಲ್ ಎಂಬ ವಂಶವಾಹಿಯನ್ನು ಮೀನಿನ ಬಣ್ಣದ ಕೋಶಗಳಲ್ಲಿ ಹೆಚ್ಚಿಸಿದಾಗ ಗಡ್ಡೆಗಳು ಮೈಗಿಂತ ಹೆಚ್ಚಾಗಿ ಈಜುರೆಕ್ಕೆಗಳಲ್ಲಿ ಎದ್ದವು. ವಿಕಾಸದ ದೃಷ್ಟಿಯಿಂದ ಮೀನಿನ ಈಜುರೆಕ್ಕೆ ನಮ್ಮ ಕೈಕಾಲುಗಳಿಗೆ ಸಮಾನ. ದೇಹದ ಯಾವ ಭಾಗಕ್ಕೆ ಸೇರಿದ ಕೋಶ ಎಂಬ ಭ್ರೂಣಕಾಲದ ಗುರುತನ್ನು ಕೋಶಗಳು ಕೊನೆಯವರೆಗೂ ಉಳಿಸಿಕೊಂಡಿರುತ್ತವೆ, ಆ ಗುರುತಿಗೆ ತಕ್ಕಂತೆ ಕೆಲವು ವಂಶವಾಹಿಗಳು ಅಲ್ಲಿ ಮಾತ್ರ ಕ್ಯಾನ್ಸರ್ ತರುತ್ತವೆ ಎಂದು 2022ರಲ್ಲಿ ಪ್ರಕಟವಾದ ಈ ಅಧ್ಯಯನ ತಿಳಿಸಿತು. ಬಿಳಿಯರ ರೋಗವನ್ನು ಆಧರಿಸಿ ರೂಪುಗೊಂಡ ಔಷಧಗಳು ಅಂಗಾಲಿನ ಮೆಲನೋಮಾಕ್ಕೆ ಅಷ್ಟಾಗಿ ನಾಟದಿರುವ ಹಿನ್ನೆಲೆಯಲ್ಲಿ ಈ ಸುಳಿವು ನಮ್ಮಂತಹ ದೇಶಗಳಿಗೆ ಹೆಚ್ಚು ಮಹತ್ವದ್ದು.

ಮುಟ್ಟಿದರೆ ಗುಳ್ಳೆ ಏಳುವ ಚರ್ಮ

ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ಹುಟ್ಟುರೋಗವುಳ್ಳ ಮಗುವನ್ನು ಎತ್ತಿಕೊಂಡರೂ ಸಾಕು, ಚರ್ಮದಲ್ಲಿ ನೀರ್ಗುಳ್ಳೆ ಏಳುತ್ತದೆ. ಹೊರಚರ್ಮವನ್ನು ಒಳಚರ್ಮಕ್ಕೆ ಬಿಗಿಯುವ ಕಟ್ಟುಗಳಲ್ಲಿ ಯಾವುದೋ ಒಂದು ಇಲ್ಲದಿರುವುದೇ ಇದಕ್ಕೆ ಕಾರಣ. ಅಂಗಿಗೆ ಗುಂಡಿಗಳಿದ್ದಂತೆ ಈ ಕಟ್ಟುಗಳು. ಒಂದು ಕಿತ್ತುಬಂದರೆ ಬಟ್ಟೆ ಬಾಯಿ ಬಿಡುತ್ತದೆ.

ಟ್ಯೂಬಿಂಗೆನ್‌ನಲ್ಲಿ ಕಂಡುಬಂದ ಮೀನುಗಳಲ್ಲಿ ಈಜುರೆಕ್ಕೆಯ ಅಂಚಿನಲ್ಲಿ ಗುಳ್ಳೆ ಏಳುವ ಕೆಲವು ತಳಿಗಳಿದ್ದವು. ಅವುಗಳಲ್ಲೊಂದಕ್ಕೆ ಇಟ್ಟ 'ಬ್ಲಾಸೆನ್' ಎಂಬ ಜರ್ಮನ್ ಹೆಸರಿಗೆ ಗುಳ್ಳೆಗಳು ಎಂದೇ ಅರ್ಥ. ಇಂತಹ ತಳಿಗಳಲ್ಲಿ ಕೆಟ್ಟಿದ್ದ ವಂಶವಾಹಿಗಳು ಫ್ರೇಸರ್ ಸಿಂಡ್ರೋಮ್ ಎಂಬ ಮನುಷ್ಯರ ವಿರಳ ಕಾಯಿಲೆಗೆ ಸಂಬಂಧಿಸಿದವು ಎಂದು 2010ರಲ್ಲಿ ವರದಿಯಾಯಿತು. ಈ ರೋಗದಲ್ಲಿ ಮಗುವಿನ ರೆಪ್ಪೆಗಳು, ಬೆರಳುಗಳು ಅಂಟಿಕೊಂಡೇ ಹುಟ್ಟುತ್ತವೆ. ಭ್ರೂಣದಲ್ಲಿ ಗುಳ್ಳೆ ಎದ್ದು ಅಂಗಾಂಗಗಳು ಬೇರ್ಪಡದೆ ಉಳಿಯುವುದೇ ಇದಕ್ಕೆ ಕಾರಣ ಎಂಬ ವಾದಕ್ಕೆ ಮೀನು ಬೆಂಬಲ ನೀಡಿತು.

ಈ ಕ್ಷೇತ್ರದಲ್ಲಿ ಭಾರತದ ಕೊಡುಗೆಯೂ ಇದೆ. ಟ್ಯೂಬಿಂಗೆನ್‌ನಲ್ಲಿದ್ದಾಗ ಮಹೇಂದ್ರ ಸೋನವಣೆ ಅವರು 'ಪೆನ್ನರ್' ಎಂಬ ತಳಿಯನ್ನು ಅಧ್ಯಯನ ಮಾಡಿ, ಎಲ್‌ಜಿಎಲ್2 ಎಂಬ ವಂಶವಾಹಿ ಇಲ್ಲವಾದರೆ ಚರ್ಮದ 'ಗುಂಡಿ'ಗಳು ರೂಪುಗೊಳ್ಳುವುದಿಲ್ಲ, ಕೋಶಗಳು ಮಿತಿಮೀರಿ ಬೆಳೆಯುತ್ತವೆ ಎಂದು 2005ರಲ್ಲಿ ತೋರಿಸಿದರು. ಬಳಿಕ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ಹೊರಚರ್ಮದ ಅಧ್ಯಯನವನ್ನೇ ಮುಂದುವರಿಸಿದರು.

ಉರಿಯೂತ, ಗಾಯ ಮತ್ತು ಕುಷ್ಠ

ಸೋರಿಯಾಸಿಸ್‌ನಲ್ಲಿ ಚರ್ಮದ ಕೋಶಗಳು ಬೇಗ ಬೇಗ ಹೆಚ್ಚಾಗಿ, ಬಿಳಿ ರಕ್ತಕಣಗಳು ಅಲ್ಲಿ ಜಮೆಯಾಗಿ ಉರಿಯೂತ ಉಂಟಾಗುತ್ತದೆ. ಎಚ್‌ಎಐ1ಎ ಎಂಬ ವಂಶವಾಹಿ ಕೆಟ್ಟ ಮೀನಿನ ಮರಿಗಳಲ್ಲಿಯೂ ಕೋಶಗಳು ಗಂಟುಕಟ್ಟಿ, ಬಿಳಿ ರಕ್ತಕಣಗಳು ಮುತ್ತಿಗೆ ಹಾಕುವುದು 2007ರಲ್ಲಿ ಕಂಡುಬಂತು. ಮ್ಯಾಟ್ರಿಪ್ಟೇಸ್ ಎಂಬ ಕಿಣ್ವಕ್ಕೆ ಕಡಿವಾಣ ಹಾಕುವುದು ಈ ವಂಶವಾಹಿಯ ಕೆಲಸ. ಆ ಕಿಣ್ವವನ್ನು ತಗ್ಗಿಸಿದಾಗ ಮರಿಗಳ ಚರ್ಮ ಸುಧಾರಿಸಿತು.

ಗಾಯವಾದೊಡನೆ ಬಿಳಿ ರಕ್ತಕಣಗಳಿಗೆ ಸುದ್ದಿ ಮುಟ್ಟಿಸುವುದು ಯಾರು ಎಂಬುದಕ್ಕೂ ಮೀನು ಉತ್ತರ ಕೊಟ್ಟಿದೆ. ಮರಿಯ ಬಾಲದಂಚನ್ನು ಕತ್ತರಿಸಿದ ಕೆಲವೇ ನಿಮಿಷಗಳಲ್ಲಿ ಗಾಯದ ಅಂಚಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹೊಮ್ಮಿ ಹರಡುವುದನ್ನೂ, ಅದನ್ನು ಅನುಸರಿಸಿ ರಕ್ತಕಣಗಳು ಬರುವುದನ್ನೂ 2009ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಚಿತ್ರೀಕರಿಸಿದರು. ಪ್ರಾಯದ ಮೀನಿನ ಗಾಯ ಹಕ್ಕಳೆಗಟ್ಟದೆ, ಹೆಚ್ಚುಕಡಿಮೆ ಕಲೆಯೇ ಉಳಿಯದೆ ಮಾಯುತ್ತದೆ. ಮಧುಮೇಹಿಗಳ ಮಾಯದ ಹುಣ್ಣಿನಿಂದ ಹಿಡಿದು ಸುಟ್ಟಗಾಯದ ಕಲೆಯವರೆಗೆ ಅನೇಕ ಸಮಸ್ಯೆಗಳಿಗೆ ಈ ಸಾಮರ್ಥ್ಯದ ಅಧ್ಯಯನ ಪ್ರಸ್ತುತ.

ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಇದರ ರೋಗಾಣುವನ್ನು ಪ್ರನಾಳದಲ್ಲಿ ಬೆಳೆಸಲಾಗದು. ಇಲಿಯ ದೇಹದ ಬಿಸಿ ಅದಕ್ಕೆ ಹೆಚ್ಚಾಗುತ್ತದೆ. ಸುಮಾರು 28 ಡಿಗ್ರಿ ನೀರಿನಲ್ಲಿರುವ ಮೀನು ಒಗ್ಗುತ್ತದೆ. ಲಲಿತಾ ರಾಮಕೃಷ್ಣನ್ ಅವರ ತಂಡವು ಪಾರದರ್ಶಕ ಮರಿಗಳಿಗೆ ಈ ರೋಗಾಣುವನ್ನು ಸೇರಿಸಿ, ನರಗಳಿಗೆ ಹಾನಿ ಮಾಡುವುದು ರೋಗಾಣು ಮಾತ್ರವಲ್ಲ, ಅದನ್ನು ನುಂಗಿದ ನಮ್ಮದೇ ರಕ್ಷಕ ಕೋಶಗಳು ಎಂಬುದನ್ನು 2017ರಲ್ಲಿ ಬಯಲಿಗೆಳೆಯಿತು. ರೋಗಾಣು ಸತ್ತರೂ ಕೆಲವರಲ್ಲಿ ನರಗಳ ಹಾನಿ ಉಳಿಯುವುದರಿಂದ ಈ ತಿಳಿವಳಿಕೆಗೆ ಬೆಲೆಯಿದೆ.

ಮೀನು ಹೇಳಲಾರದ ಸಂಗತಿಗಳು

ಇಷ್ಟೆಲ್ಲ ಸಾಧ್ಯವೆಂದ ಮಾತ್ರಕ್ಕೆ ಮೀನು ಮನುಷ್ಯನ ಪ್ರತಿರೂಪವಲ್ಲ. ಅದಕ್ಕೆ ಕೂದಲ ಬುಡವಿಲ್ಲ, ಬೆವರಿನ ಗ್ರಂಥಿಯಿಲ್ಲ, ಎಣ್ಣೆಗ್ರಂಥಿಯಿಲ್ಲ. ಹೀಗಾಗಿ ಮೊಡವೆ, ಕೂದಲುದುರುವಿಕೆಗಳ ಅಧ್ಯಯನಕ್ಕೆ ಅದು ನಿರುಪಯೋಗಿ. ನಮ್ಮ ಚರ್ಮದ ಮೇಲಿನ ಸತ್ತ ಕೋಶಗಳ ಒಣಪದರವೂ ಮೀನಿಗಿಲ್ಲ. ಅದರ ಬದಲು ಲೋಳೆಯಿದೆ. ಮುಲಾಮು ಚರ್ಮದೊಳಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಮೀನಿನಿಂದ ಅಳೆಯಲಾಗದು. ನಮ್ಮ ಬಣ್ಣದ ಕೋಶಗಳು ಮೆಲನಿನ್ ಕಣಗಳನ್ನು ನೆರೆಯ ಕೋಶಗಳಿಗೆ ಹಂಚುತ್ತವೆ. ಮೀನಿನಲ್ಲಿ ಅವು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ.

ಇದಕ್ಕಿಂತ ದೊಡ್ಡ ಮಿತಿ ರೋಗನಿರೋಧಕ ವ್ಯವಸ್ಥೆಯದು. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗಳಿಗೆ ಜನ್ಮಜಾತ ರಕ್ಷಣೆ ಮಾತ್ರ ಇರುತ್ತದೆ. ಟಿ ಕೋಶಗಳು ಪಕ್ವವಾಗುವುದು ಆಮೇಲೆ. ಸೋರಿಯಾಸಿಸ್, ತೊನ್ನು ಎರಡರಲ್ಲೂ ಟಿ ಕೋಶಗಳ ಪಾತ್ರವೇ ಪ್ರಧಾನ. ಆದ್ದರಿಂದ ಮರಿಗಳು ತೋರಿಸುವುದು ಕಥೆಯ ಅರ್ಧವನ್ನಷ್ಟೇ.

ಔಷಧದ ವಿಷಯದಲ್ಲಂತೂ ಎಚ್ಚರಿಕೆ ಅಗತ್ಯ. ಸಂಧಿವಾತಕ್ಕೆ ಬಳಸುವ ಲೆಫ್ಲುನೊಮೈಡ್ ಮೆಲನೋಮಾ ಬೆಳವಣಿಗೆಯನ್ನು ತಗ್ಗಿಸುತ್ತದೆ ಎಂದು ಸುಮಾರು 2000 ರಾಸಾಯನಿಕಗಳನ್ನು ಮೀನಿನ ಭ್ರೂಣಗಳಲ್ಲಿ ಜಾಲಾಡಿದ ತಂಡವೊಂದು 2011ರಲ್ಲಿ ವರದಿ ಮಾಡಿದಾಗ ಭಾರಿ ನಿರೀಕ್ಷೆ ಹುಟ್ಟಿತ್ತು. ಇಲಿಗಳಲ್ಲಿಯೂ ಫಲ ಕಂಡಿತ್ತು. ಆದರೆ ಇಂದಿಗೂ ಅದು ಮೆಲನೋಮಾಕ್ಕೆ ಅಂಗೀಕೃತ ಔಷಧವಾಗಿಲ್ಲ. ಮೀನಿನಲ್ಲಿ ಕಂಡುದು ಆಸ್ಪತ್ರೆ ತಲುಪುವ ದಾರಿ ದೀರ್ಘ. ಬಹಳಷ್ಟು ಸಂಯುಕ್ತಗಳು ನಡುದಾರಿಯಲ್ಲೇ ನಿಂತುಬಿಡುತ್ತವೆ.

ಇನ್ನೊಂದೆಡೆ, ಕೆಟ್ಟ ವಂಶವಾಹಿ ಯಾವುದೆಂದು ತಿಳಿದರೆ ಚಿಕಿತ್ಸೆಗೆ ದಾರಿ ತೆರೆಯುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಎಪಿಡರ್ಮೊಲೈಸಿಸ್ ಬುಲ್ಲೋಸಾದ ಒಂದು ಬಗೆಗೆ, ಕಾಣೆಯಾದ ವಂಶವಾಹಿಯನ್ನು ಗಾಯಕ್ಕೆ ಹಚ್ಚುವ ಲೇಪದ ಮೂಲಕವೇ ಒದಗಿಸುವ ಚಿಕಿತ್ಸೆಗೆ ಅಮೆರಿಕ 2023ರಲ್ಲಿ ಅನುಮತಿ ನೀಡಿತು. ಇದು ಮೀನಿನಿಂದ ಬಂದ ಔಷಧವಲ್ಲ. ಆದರೆ ಯಾವ ವಂಶವಾಹಿ ಚರ್ಮದಲ್ಲಿ ಯಾವ ಕೆಲಸ ಮಾಡುತ್ತದೆ ಎಂಬ ಇದೇ ಬಗೆಯ ಜ್ಞಾನದ ಮೇಲೆ ನಿಂತದ್ದು.

ಓದುಗರು ಗಮನಿಸಬೇಕಾದುದು

ಮೀನಿನ ಮೇಲಿನ ಪ್ರಯೋಗದ ಸುದ್ದಿಯನ್ನು ನಂಬಿ ಯಾರೂ ಚಿಕಿತ್ಸೆ ಬದಲಿಸಿಕೊಳ್ಳಬಾರದು. ಆದರೆ ಈ ಸಂಶೋಧನೆಗಳು ಬಲಪಡಿಸಿದ ಕೆಲವು ಸಂಗತಿಗಳು ಈಗಲೇ ಉಪಯುಕ್ತ. ಅಂಗಾಲು ಅಥವಾ ಉಗುರಿನಡಿ ಹೊಸದಾಗಿ ಕಪ್ಪು ಮಚ್ಚೆ ಮೂಡಿದರೆ, ಹಳೆಯ ಮಚ್ಚೆ ಬಣ್ಣ, ಆಕಾರ ಬದಲಿಸಿದರೆ, ರಕ್ತ ಒಸರಿದರೆ ಚರ್ಮತಜ್ಞರಿಗೆ ತೋರಿಸಬೇಕು. ಬಿಸಿಲು ಬೀಳದ ಜಾಗ, ಅಲ್ಲಿ ಕ್ಯಾನ್ಸರ್ ಬಾರದು ಎಂಬ ನಂಬಿಕೆ ತಪ್ಪು. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೆ ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಉಚಿತ ಔಷಧ ಸಿಗುತ್ತದೆ, ನರ ಹಾಳಾಗುವ ಮುನ್ನ ಆರಂಭಿಸಿದರೆ ಅಂಗವೈಕಲ್ಯ ತಪ್ಪುತ್ತದೆ. ತೊನ್ನು ಸಾಂಕ್ರಾಮಿಕವಲ್ಲ, ಕುಷ್ಠವೂ ಅಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಿ ರೋಗಿಗಳನ್ನು ದೂರವಿಡುವುದಕ್ಕೆ ವಿಜ್ಞಾನದ ಯಾವ ಆಧಾರವೂ ಇಲ್ಲ.